ತಂಗಿಗೆ ಪ್ರೊಲ್ಯಾಕ್ಟಿನ್ 118, ಪಿಟ್ಯುಟರಿಯಲ್ಲಿ 6 ಮಿ.ಮೀ. ಗಡ್ಡೆ, ಮೇಲೆ ರಿಸ್ಪೆರಿಡೋನ್. ಯಾವ ಡಾಕ್ಟರ ಮಾತು ಕೇಳುವುದು?

ದೊಡ್ಡಕ್ಕ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನನ್ನ ತಂಗಿಗೆ 29 ವರ್ಷ. ಮೂರು ವರ್ಷದ ಹಿಂದೆ ಸ್ಕಿಜೋಫ್ರೇನಿಯಾ ಅಂತ ಗೊತ್ತಾಯಿತು. ಆಗಿನಿಂದ ರಿಸ್ಪೆರಿಡೋನ್ ತೆಗೆದುಕೊಳ್ಳುತ್ತಿದ್ದಾಳೆ, ಈಗ ದಿನಕ್ಕೆ 4 ಮಿ.ಗ್ರಾಂ. ಮಾತ್ರೆ ಕೆಲಸ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ. ಕೆಲಸಕ್ಕೆ ಹೋಗುತ್ತಾಳೆ. ನನ್ನ ಜೊತೆ ಜಗಳವನ್ನೂ ಆಡುತ್ತಾಳೆ, ನಮ್ಮ ಮನೆಯಲ್ಲಿ ಅದು ಆರೋಗ್ಯದ ಲಕ್ಷಣ.

ಎಂಟು ತಿಂಗಳಿಂದ ಅವಳಿಗೆ ಮುಟ್ಟಾಗಿಲ್ಲ. ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಬಟ್ಟೆ ಒಗೆಯುವಾಗ ಅವಳ ಒಳಉಡುಪಿನ ಎರಡೂ ಕಡೆ ನಾಣ್ಯದಷ್ಟು ಅಗಲದ ಕಲೆ ನೋಡಿದೆ. ಮುಟ್ಟಿದರೆ ಗಂಜಿ ಹಾಕಿದ ಬಟ್ಟೆಯ ಹಾಗೆ ಗಟ್ಟಿ. ಕೇಳಿದ್ದಕ್ಕೆ ಅತ್ತುಬಿಟ್ಟಳು. ಎದೆಹಾಲು. ಬಸುರಿಯಲ್ಲ, ಪರೀಕ್ಷೆ ಮಾಡಿಸಿ ಆಗಿದೆ.

ರಕ್ತದಲ್ಲಿ ಪ್ರೊಲ್ಯಾಕ್ಟಿನ್, ಅಂದರೆ ಎದೆಹಾಲು ಬರಿಸುವ ಹಾರ್ಮೋನ್, 118. ಎಂಆರ್‌ಐ ಮಾಡಿಸಿದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ 6 ಮಿ.ಮೀ. ಮೈಕ್ರೋಅಡಿನೋಮ, ಅಂದರೆ ಸಣ್ಣ ಗಡ್ಡೆ. ಹಾರ್ಮೋನ್ ಡಾಕ್ಟರು ಪ್ರೊಲ್ಯಾಕ್ಟಿನ್ ಇಳಿಸುವ ಕ್ಯಾಬರ್ಗೋಲಿನ್ ಮಾತ್ರೆ ಬರೆದುಕೊಟ್ಟರು. ಆ ಚೀಟಿಯನ್ನು ಮನೋವೈದ್ಯರಿಗೆ ತೋರಿಸಿದರೆ "ಇದನ್ನು ಶುರು ಮಾಡಲೇಬೇಡಿ, ಕಾಯಿಲೆ ಮರುಕಳಿಸುತ್ತದೆ" ಅಂದರು. ವಾಪಸ್ ಹೋದರೆ ಹಾರ್ಮೋನ್ ಡಾಕ್ಟರು "ಹಾಗಾದರೆ ರಿಸ್ಪೆರಿಡೋನ್ ನಿಲ್ಲಿಸಲಿ" ಅಂದರು. ಇಬ್ಬರ ನಡುವೆ ಫೈಲು ಹೊತ್ತುಕೊಂಡು ಓಡಾಡಿ ನನಗೆ ಸಾಕಾಗಿದೆ.

ಹಾಲು ಬರುತ್ತಿರುವುದು ಗಡ್ಡೆಯಿಂದಲಾ, ಮಾತ್ರೆಯಿಂದಲಾ? ಅನುಭವ ಇದ್ದವರು ಹೇಳಿ.

ಗುಬ್ಬಚ್ಚಿ88
ಉಳಿದದ್ದೆಲ್ಲ ಆಮೇಲೆ. ಯಾರು ಏನೇ ಅಂದರೂ ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ರಾತ್ರಿಪಾಳಿ
ನಾನು ಹಾರ್ಮೋನ್ ವಾರ್ಡಿನಲ್ಲಿ ನರ್ಸ್, ಹನ್ನೊಂದು ವರ್ಷ ಆಯಿತು. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರೊಲ್ಯಾಕ್ಟಿನ್ ಸ್ವಲ್ಪ ತಲೆಹರಟೆ ಹಾರ್ಮೋನ್. ಪಿಟ್ಯುಟರಿಯ ಬೇರೆ ಹಾರ್ಮೋನ್‌ಗಳಿಗೆ ಮೇಲಿನಿಂದ "ಬಿಡು" ಅಂತ ಅಪ್ಪಣೆ ಬಂದರೆ ಬಿಡುತ್ತವೆ. ಇದಕ್ಕೆ ಉಲ್ಟಾ. "ಸಾಕು, ಸುಮ್ಮನಿರು" ಅಂತ ಯಾರಾದರೂ ಹೇಳುತ್ತಲೇ ಇರಬೇಕು. ಹಾಗೆ ಹೇಳುವುದು ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ. ಹೈಪೋಥಲಾಮಸ್ ಎಂಬ ಮಿದುಳಿನ ಭಾಗದಿಂದ, ಅದನ್ನು ಪಿಟ್ಯುಟರಿಗೆ ಕೂಡಿಸುವ ಒಂದು ಸಣ್ಣ ತೊಟ್ಟಿನ ಮೂಲಕ ಕೆಳಗಿಳಿದು, ಪಿಟ್ಯುಟರಿ ಜೀವಕೋಶಗಳ ಮೇಲೆ ಸಂದೇಶ ಹಿಡಿಯುವ ಡಿ2 ಎಂಬ ಗ್ರಾಹಕವನ್ನು ಹಿಡಿದು ಕೂರುತ್ತದೆ. ಸೈಕೋಸಿಸ್‌ಗೆ (ಇಲ್ಲದ ದನಿ ಕೇಳುವಂಥ ಮನಸ್ಸಿನ ಕಾಯಿಲೆಗೆ) ಕೊಡುವ ಮಾತ್ರೆಗಳು ಮಿದುಳಿನಲ್ಲಿ ಮುಚ್ಚುವುದು ಅದೇ ಡಿ2 ಗ್ರಾಹಕವನ್ನು. ದನಿಗಳು ನಿಲ್ಲುವುದೂ ಅದರಿಂದ, ಪ್ರೊಲ್ಯಾಕ್ಟಿನ್ ಏರುವುದೂ ಅದರಿಂದ. ಪಿಟ್ಯುಟರಿ ಇರುವುದು ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯ ಹೊರಗೆ. ಹಾಗಾಗಿ ರಕ್ತದಲ್ಲಿರುವ ಮಾತ್ರೆ ಅದಕ್ಕೆ ನೇರವಾಗಿ ತಗಲುತ್ತದೆ. ರಿಸ್ಪೆರಿಡೋನ್, ಪಾಲಿಪೆರಿಡೋನ್, ಅಮಿಸಲ್ಪ್ರೈಡ್ ಈ ವಿಷಯದಲ್ಲಿ ಕುಖ್ಯಾತ. ಹಳೆಯ ಹ್ಯಾಲೋಪೆರಿಡಾಲ್ ಕೂಡ ಏರಿಸುತ್ತದೆ.

ಪ್ರೊಲ್ಯಾಕ್ಟಿನ್ ಜಾಸ್ತಿಯಾದರೆ ಅಂಡಾಶಯಕ್ಕೆ ಹೋಗುವ ಸಂದೇಶ ಕಡಿಮೆಯಾಗುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಹಾಲು ಕಣ್ಣಿಗೆ ಕಾಣುತ್ತದೆ, ಮೂಳೆ ಕಾಣುವುದಿಲ್ಲ. ನನಗೆ ಹೆದರಿಕೆ ಅದೇ.

ಈಗ ನಿಮ್ಮ ಪ್ರಶ್ನೆ. ಹೆಂಗಸರಲ್ಲಿ ಸಾಮಾನ್ಯವಾಗಿ 25ರ ಒಳಗಿರಬೇಕು. ಮಾತ್ರೆಯಿಂದ ಏರಿದ್ದು ಹೆಚ್ಚಾಗಿ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಆದರೆ ರಿಸ್ಪೆರಿಡೋನ್ 200 ದಾಟಿಸಿದ್ದೂ ಇದೆ. 250 ದಾಟಿದರೆ ಗಡ್ಡೆಯ ಮೇಲೆ ಅನುಮಾನ ಬಲವಾಗುತ್ತದೆ. ನಿಮ್ಮ ತಂಗಿಯ 118 ಎರಡಕ್ಕೂ ಹೊಂದುತ್ತದೆ. ಆ ನಂಬರ್ ಒಂದನ್ನೇ ಇಟ್ಟುಕೊಂಡು ತೀರ್ಪು ಕೊಡಲು ಆಗುವುದಿಲ್ಲ.

ಲ್ಯಾಬ್_ಹುಡುಗ
118 ಏನು? ಯೂನಿಟ್ ಹೇಳಿ ಮೇಡಂ. ಕೆಲವು ಲ್ಯಾಬ್‌ಗಳು ನ್ಯಾನೋಗ್ರಾಂ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಮಿಲಿ ಇಂಟರ್‌ನ್ಯಾಷನಲ್ ಯೂನಿಟ್‌ನಲ್ಲಿ. ಮಿಲಿಲೀಟರಿಗೆ 1 ನ್ಯಾನೋಗ್ರಾಂ ಅಂದರೆ ಲೀಟರಿಗೆ ಸುಮಾರು 21 ಮಿಲಿ ಯೂನಿಟ್. ನಿಮ್ಮದು ಯೂನಿಟ್ ಲೆಕ್ಕದಲ್ಲಿ 118 ಆಗಿದ್ದರೆ ಪೂರ್ತಿ ನಾರ್ಮಲ್. ಎರಡು ಲ್ಯಾಬಿನ ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಂಡು "ಅಯ್ಯೋ ಇಪ್ಪತ್ತು ಪಟ್ಟು ಏರಿದೆ" ಅಂತ ಅಳುತ್ತಾ ಬಂದವರನ್ನು ನೋಡಿದ್ದೇನೆ.

ದೊಡ್ಡಕ್ಕ
ನೋಡಿದೆ. ಒಂದು ಮಿಲಿಲೀಟರಿಗೆ 118 ನ್ಯಾನೋಗ್ರಾಂ. ಸಮಾಧಾನಕ್ಕೆ ಅವಕಾಶ ಇಲ್ಲ.

ಲ್ಯಾಬ್_ಹುಡುಗ
ಸರಿ. ಹಾಗಾದರೆ ಮ್ಯಾಕ್ರೋಪ್ರೊಲ್ಯಾಕ್ಟಿನ್ ನೋಡಿದ್ದಾರಾ ಕೇಳಿ. ಕೆಲವರ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಪ್ರತಿಕಾಯಕ್ಕೆ ಅಂಟಿಕೊಂಡು ದೊಡ್ಡ ಉಂಡೆಯಾಗಿ ತಿರುಗುತ್ತಿರುತ್ತದೆ. ಮೆಷಿನ್ ಅದನ್ನೂ ಎಣಿಸುತ್ತದೆ, ಮೈಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ರಾತ್ರಿಪಾಳಿ
ಹಾಲು ಬರುತ್ತಿದೆ, ಮುಟ್ಟು ನಿಂತಿದೆ ಅಂತ ಬರೆದಿದ್ದಾರಲ್ಲ. ಮೈಗೆ ಆಗುತ್ತಿದೆ. ಲಕ್ಷಣ ಏನೂ ಇಲ್ಲದವರಿಗೆ ಆ ಟೆಸ್ಟ್ ಮುಖ್ಯ. ಇಲ್ಲಿ ಸುಮ್ನೆ ಇನ್ನೊಂದು ಬಿಲ್. ಅದಕ್ಕಿಂತ ಥೈರಾಯ್ಡ್ ನೋಡಿಸಿದ್ದಾರಾ? ಥೈರಾಯ್ಡ್ ತೀರಾ ಕಡಿಮೆ ಇದ್ದರೂ ಪ್ರೊಲ್ಯಾಕ್ಟಿನ್ ಏರುತ್ತದೆ. ವಾಂತಿಗೆ, ಹೊಟ್ಟೆ ಉಬ್ಬರಕ್ಕೆ ಅಂತ ಡೊಂಪೆರಿಡೋನ್ ಇರುವ ಮಾತ್ರೆ ನುಂಗುತ್ತಿದ್ದಾಳಾ? ಅದೂ ಇದೇ ಕೆಲಸ ಮಾಡುತ್ತದೆ. ಜನ ಅದನ್ನು ಔಷಧಿ ಅಂತಲೇ ಲೆಕ್ಕಕ್ಕೆ ಇಡುವುದಿಲ್ಲ.

ದೊಡ್ಡಕ್ಕ
ಥೈರಾಯ್ಡ್ ನಾರ್ಮಲ್. ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತಾಳೆ, ಯಾವುದು ಅಂತ ರಾತ್ರಿ ನೋಡಿ ಹೇಳುತ್ತೇನೆ.

ಹಸಿರೆಲೆ
ಒಂದು ವಿಷ ಇಳಿಸಲು ಇನ್ನೊಂದು ವಿಷ. ಎಲ್ಲ ಮಾತ್ರೆ ಬಿಟ್ಟು ಮೂರು ತಿಂಗಳು ದೇಹಶುದ್ಧಿ ಮಾಡಿಸಿ. ಗಡ್ಡೆ ತಾನಾಗಿ ಕರಗುತ್ತದೆ. ನನ್ನ ಪರಿಚಯದವರಿಗೆ ಕರಗಿದೆ.

ಗುಬ್ಬಚ್ಚಿ88
ಪರಿಚಯದವರ ಎಂಆರ್‌ಐ ನೋಡಿದ್ದೀರಾ?

ಹಸಿರೆಲೆ
ಎಲ್ಲದಕ್ಕೂ ಎಂಆರ್‌ಐ ಬೇಕಾ? ಮುಖದಲ್ಲೇ ಕಳೆ ಬಂದಿತ್ತು.

ಮಾತ್ರೆಡಬ್ಬಿ
ಹಸಿರೆಲೆಯವರೇ, ನಾನು ಹಾಗೆ ಬಿಟ್ಟವನು. ನಿಮ್ಮಂಥವರ ಮಾತು ಕೇಳಿ ಅಲ್ಲ, ನನ್ನದೇ ಬುದ್ಧಿವಂತಿಕೆ. ಮೊದಲ ಎರಡು ವಾರ ಸ್ವರ್ಗ. ನಿದ್ದೆಯ ಮಂಪರು ಹೋಯಿತು, ನಾಲಿಗೆ ತೊಡರುವುದು ಹೋಯಿತು. ಮೂರನೇ ವಾರ ಫ್ಯಾನಿನ ಸದ್ದಿನಲ್ಲಿ ಯಾರೋ ನನ್ನ ಹೆಸರು ಹೇಳುತ್ತಿದ್ದಾರೆ ಅನಿಸಿತು. ಫ್ಯಾನ್ ಆಫ್ ಮಾಡಿದೆ. ಹೆಸರು ನಿಲ್ಲಲಿಲ್ಲ. ಆಮೇಲಿನ ನಾಲ್ಕು ತಿಂಗಳು ನನ್ನ ನೆನಪಿನಲ್ಲಿ ಸರಿಯಾಗಿ ಇಲ್ಲ, ಮನೆಯವರ ನೆನಪಿನಲ್ಲಿ ಚೆನ್ನಾಗಿ ಇದೆ. ದಯವಿಟ್ಟು ಆ ಹೆಣ್ಣುಮಗಳ ತಲೆಯ ಮೇಲೆ ಪ್ರಯೋಗ ಮಾಡಬೇಡಿ.

ಕನ್ನಡಕ
ದೊಡ್ಡಕ್ಕನವರೇ, ಹೆದರಿಸಲು ಹೇಳುತ್ತಿಲ್ಲ, ನಮ್ಮ ಕಥೆ ನಿಮ್ಮದಕ್ಕೆ ಪೂರ್ತಿ ಉಲ್ಟಾ. ಆದರೂ ಕೇಳಿ.

ನನ್ನ ತಮ್ಮ ಒಲಾಂಜಪಿನ್ ಎಂಬ ಇನ್ನೊಂದು ಸೈಕೋಸಿಸ್ ಮಾತ್ರೆಯ ಮೇಲಿದ್ದ. ಪ್ರೊಲ್ಯಾಕ್ಟಿನ್ 64 ಬಂತು. "ಮಾತ್ರೆಯಿಂದ, ಬಿಡಿ" ಅಂದರು. ಒಂದು ವರ್ಷ ಬಿಟ್ಟೆವು. ಅಷ್ಟರಲ್ಲಿ ಅವನು ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳಲು ಶುರು ಮಾಡಿದ. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಎರಡೂ ತೋಳಿನ ಮೇಲೆ ಒಂದೇ ಎತ್ತರದಲ್ಲಿ ನೀಲಿ ಕಲೆ. ಮಾತ್ರೆಯ ಮಂಪರು ಅಂತ ನಾವೂ ಬೈದೆವು. ಕೊನೆಗೆ ಕನ್ನಡಕದ ನಂಬರ್ ನೋಡಿಸಲು ಹೋದಾಗ ಕಣ್ಣಿನವರು ಹಿಡಿದರು: ನೇರ ನೋಟ ಚೆನ್ನಾಗಿದೆ, ಎರಡೂ ಪಕ್ಕ ಕತ್ತಲೆ. ಸ್ಕ್ಯಾನ್‌ನಲ್ಲಿ 24 ಮಿ.ಮೀ. ಗಡ್ಡೆ. ಕಣ್ಣಿನ ನರಗಳು ಅಡ್ಡ ಹಾಯುವ ಜಾಗವನ್ನು ಕೆಳಗಿನಿಂದ ಒತ್ತುತ್ತಿತ್ತು.

ಆ ಗಡ್ಡೆ ಪ್ರೊಲ್ಯಾಕ್ಟಿನ್ ಮಾಡುವ ಜಾತಿಯದ್ದೇ ಅಲ್ಲ. ರಾತ್ರಿಪಾಳಿಯವರು ಹೇಳಿದ ಆ ತೊಟ್ಟನ್ನು ಹಿಸುಕುತ್ತಿತ್ತು. ಡೋಪಮಿನ್ ಕೆಳಗಿಳಿಯದೆ ಪ್ರೊಲ್ಯಾಕ್ಟಿನ್ ಸ್ವಲ್ಪ ಏರಿತ್ತು, ಅಷ್ಟೇ. ಅಂಥದ್ದಕ್ಕೆ ಕ್ಯಾಬರ್ಗೋಲಿನ್ ಕೊಟ್ಟರೆ ನಂಬರ್ ಇಳಿಯುತ್ತದೆ, ಗಡ್ಡೆ ಕುಗ್ಗುವುದು ಅನುಮಾನ. ಮೂಗಿನ ಮೂಲಕ ಆಪರೇಷನ್ ಮಾಡಿ ತೆಗೆದರು.

ಲ್ಯಾಬ್_ಹುಡುಗ
ಅಷ್ಟು ದೊಡ್ಡ ಗಡ್ಡೆಗೆ 64 ಬಂದಾಗ ಸ್ಯಾಂಪಲ್ ನೀರು ಮಾಡಿ ಮತ್ತೆ ಹಾಕಿದ್ದರಾ? ಪ್ರೊಲ್ಯಾಕ್ಟಿನ್ ವಿಪರೀತ ಇದ್ದರೆ ಟೆಸ್ಟ್ ತಾನೇ ಮುಗ್ಗರಿಸಿ ಕಡಿಮೆ ನಂಬರ್ ತೋರಿಸುವುದುಂಟು. ನೂರು ಪಟ್ಟು ತೆಳು ಮಾಡಿ ನೋಡಿದರೆ ನಿಜ ಹೊರಬರುತ್ತದೆ. ಈಗಿನ ಮೆಷಿನ್‌ಗಳಲ್ಲಿ ಈ ತೊಂದರೆ ಕಡಿಮೆ, ಆದರೂ ಗಡ್ಡೆ ದೊಡ್ಡದು, ನಂಬರ್ ಚಿಕ್ಕದು ಅಂದರೆ ಕೇಳಲೇಬೇಕು.

ಕನ್ನಡಕ
ಮಾಡಿದ್ದರು. 64ರ ಆಸುಪಾಸಿನಲ್ಲೇ ಬಂತು. ಅದರಿಂದಲೇ ಆಪರೇಷನ್ ಅಂತ ತೀರ್ಮಾನ. ಆಮೇಲಿನದ್ದು ಇನ್ನೊಂದು ಪುರಾಣ. ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ದಿನಾ ಬೇಕು, ಜ್ವರ ಬಂದರೆ ಡೋಸ್ ಹೆಚ್ಚಿಸಬೇಕು, ಆದರೆ ಸ್ಟಿರಾಯ್ಡ್ ಜಾಸ್ತಿಯಾದರೆ ಅವನ ತಲೆ ಹಿಡಿತ ತಪ್ಪಿ ಓಡಲು ಶುರುವಾಗುತ್ತದೆ. ಎರಡೂ ಡಾಕ್ಟರ ಫೋನ್ ನಂಬರ್ ಫ್ರಿಜ್ ಮೇಲೆ ಅಂಟಿಸಿದ್ದೇವೆ.

ಮೂರನೇಬೆಂಚು
ಒಂದು ದಡ್ಡ ಪ್ರಶ್ನೆ. ಗಂಡಸರಿಗೂ ಪ್ರೊಲ್ಯಾಕ್ಟಿನ್ ಇರುತ್ತದಾ? ಯಾಕೆ ಬೇಕು?

ಮಾತ್ರೆಡಬ್ಬಿ
ಇರುತ್ತದೆ ಗುರುವೇ. ಯಾಕೆ ಬೇಕೋ ಗೊತ್ತಿಲ್ಲ, ಜಾಸ್ತಿಯಾದರೆ ಏನಾಗುತ್ತದೆ ಅಂತ ಮಾತ್ರ ಗೊತ್ತು. ಆಸಕ್ತಿ ಸತ್ತುಹೋಗುತ್ತದೆ. ಎದೆ ಹೆಂಗಸರ ಹಾಗೆ ಊದುತ್ತದೆ. ಹೆಂಡತಿ ಪಕ್ಕದಲ್ಲಿದ್ದರೆ ಗೋಡೆ ನೋಡಿಕೊಂಡು ಮಲಗುತ್ತೀರಿ. ಆರು ವರ್ಷ ಡಾಕ್ಟರು ನನ್ನನ್ನು ಕೇಳಿದ್ದು ಮೂರೇ ಪ್ರಶ್ನೆ: ನಿದ್ದೆ ಬರುತ್ತಾ, ಊಟ ಸೇರುತ್ತಾ, ದನಿ ಕೇಳುತ್ತಾ. ನಾಲ್ಕನೆಯದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಾನು ಮಾತ್ರೆ ಬಿಟ್ಟದ್ದು ಯಾಕೆ ಅಂದುಕೊಂಡಿರಿ?

ಗುಬ್ಬಚ್ಚಿ88
ಇದನ್ನು ಇಲ್ಲಿ ಬರೆದದ್ದಕ್ಕೆ ಥ್ಯಾಂಕ್ಸ್ ಅಣ್ಣ.

ಹಳೇಪುಸ್ತಕ
ಮೂರನೇಬೆಂಚಿನ ಪ್ರಶ್ನೆ ದಡ್ಡತನದ್ದಲ್ಲ. ಪ್ರೊಲ್ಯಾಕ್ಟಿನ್‌ಗೆ ಆ ಹೆಸರು ಬಂದದ್ದೇ ಪಾರಿವಾಳದಿಂದ. 1930ರ ದಶಕದ ಆರಂಭದಲ್ಲಿ ಆಸ್ಕರ್ ರಿಡಲ್ ಎಂಬ ವಿಜ್ಞಾನಿ ಪಾರಿವಾಳಗಳ ಮೇಲೆ ಕೆಲಸ ಮಾಡುತ್ತಾ ಹೆಸರಿಟ್ಟರು. ಪಾರಿವಾಳ ತನ್ನ ಗಂಟಲಚೀಲದಲ್ಲಿ ಹಾಲಿನಂಥ ಮುದ್ದೆ ಮಾಡಿ ಮರಿಗೆ ಉಣಿಸುತ್ತದೆ. ಅದನ್ನು ಮಾಡಿಸುವುದು ಈ ಹಾರ್ಮೋನ್. ತಾಯಿ ಮಾತ್ರ ಅಲ್ಲ, ತಂದೆ ಪಾರಿವಾಳವೂ ಉಣಿಸುತ್ತದೆ.

ಮೂರನೇಬೆಂಚು
ಅಪ್ಪ ಪಾರಿವಾಳ ಹಾಲು ಕೊಡುತ್ತದಾ! ಇಷ್ಟು ದಿನ ಯಾರೂ ಹೇಳಿರಲಿಲ್ಲವಲ್ಲ.

ಗುಬ್ಬಚ್ಚಿ88
ಪಾರಿವಾಳಕ್ಕೆ ಬೇರೆ ಚರ್ಚೆ ತೆರೆಯಿರಿ ಮಾರಾಯರೇ.

ಔಷಧಿಚೀಟಿ
ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್ ನಾನು. ಜಗಳದ ಮೂಲಕ್ಕೆ ಬರೋಣ. ಕ್ಯಾಬರ್ಗೋಲಿನ್ ಡಿ2 ಗ್ರಾಹಕವನ್ನು ಎಬ್ಬಿಸುತ್ತದೆ, ರಿಸ್ಪೆರಿಡೋನ್ ಅದನ್ನೇ ಮುಚ್ಚುತ್ತದೆ. ಮನೋವೈದ್ಯರ ಹೆದರಿಕೆ ಸುಳ್ಳಲ್ಲ, ಸೈಕೋಸಿಸ್ ಕೆರಳಬಹುದು. ಮೇಲಾಗಿ ಕ್ಯಾಬರ್ಗೋಲಿನ್‌ನ ಅರ್ಧಾಯುಷ್ಯ (ಮೈಯಲ್ಲಿ ಅರ್ಧ ಇಳಿಯಲು ಹಿಡಿಯುವ ಸಮಯ) 65 ಗಂಟೆಯ ಹತ್ತಿರ, ಅದಕ್ಕೇ ವಾರಕ್ಕೆ ಒಂದೆರಡು ಸಲ ನುಂಗಿದರೆ ಸಾಕು. ಎಡವಟ್ಟಾದರೆ ಇವತ್ತು ನಿಲ್ಲಿಸಿದ್ದು ನಾಳೆ ಮೈಯಿಂದ ಹೋಗುವುದಿಲ್ಲ. ಸೈಕೋಸಿಸ್ ಇಲ್ಲದವರಲ್ಲೂ ಕೆಲವರಿಗೆ ಜೂಜಿನ ಚಟ, ಕೈ ಹಿಡಿತವಿಲ್ಲದ ಖರ್ಚು ಶುರುವಾದದ್ದಿದೆ.

ಹಾಗಂತ ಕ್ಯಾಬರ್ಗೋಲಿನ್ ಎಂದೂ ಕೊಡಬಾರದು ಅಂತಲ್ಲ. ಪ್ರೊಲ್ಯಾಕ್ಟಿನ್ ಮಾಡುವ ದೊಡ್ಡ ಗಡ್ಡೆ ಇದ್ದು ಕಣ್ಣಿಗೆ ಒತ್ತುತ್ತಿದ್ದರೆ, ಸೈಕೋಸಿಸ್ ಮಾತ್ರೆ ಮುಂದುವರಿಸಿಕೊಂಡೇ, ಕಣ್ಣಲ್ಲಿ ಕಣ್ಣಿಟ್ಟು ಕೊಡುವುದುಂಟು. 6 ಮಿ.ಮೀ. ಗಡ್ಡೆಗೆ ಆ ಅವಸರ ಇಲ್ಲ. 10 ಮಿ.ಮೀ. ಒಳಗಿನ ಇಂಥ ಗಡ್ಡೆಗಳು ಬಹಳ ಸಾಮಾನ್ಯ. ಏನೂ ತೊಂದರೆಯಿಲ್ಲದ ಹತ್ತು ಜನರ ಪಿಟ್ಯುಟರಿ ಸ್ಕ್ಯಾನ್ ಮಾಡಿದರೆ ಸುಮಾರು ಒಬ್ಬರಲ್ಲಿ ಸಿಗುತ್ತದೆ. ನಿಮ್ಮ ತಂಗಿಯ ಗಡ್ಡೆಗೂ ಹಾಲಿಗೂ ಸಂಬಂಧವೇ ಇಲ್ಲದಿರಬಹುದು.

ಮೂರನೇಬೆಂಚು
ಹಾಗಾದರೆ ಮೂರು ದಿನ ರಿಸ್ಪೆರಿಡೋನ್ ನಿಲ್ಲಿಸಿ ಮತ್ತೆ ಟೆಸ್ಟ್ ಮಾಡಿದರೆ ಗೊತ್ತಾಗುತ್ತದೆ ಅಲ್ವಾ? ಎಲ್ಲೋ ಓದಿದ ನೆನಪು.

ಔಷಧಿಚೀಟಿ
ಹೌದು, ಅಂಥ ಸಲಹೆ ಇದೆ. ಆದರೆ ಮನೋವೈದ್ಯರು ಒಪ್ಪಿದರೆ ಮಾತ್ರ. ನಿಲ್ಲಿಸುವುದು ಅಪಾಯ ಅನಿಸಿದರೆ ಪ್ರೊಲ್ಯಾಕ್ಟಿನ್ ಏರಿಸದ ಮಾತ್ರೆಗೆ ಬದಲಿಸಿ ನೋಡುತ್ತಾರೆ. ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಮೂರು ದಿನದ ಲೆಕ್ಕ ನಡೆಯುವುದೇ ಇಲ್ಲ, ಔಷಧಿ ಮಾಂಸದಲ್ಲಿ ಕೂತಿರುತ್ತದೆ.

ಅರಿಪಿಪ್ರಜೋಲ್ ಗ್ರಾಹಕವನ್ನು ಪೂರ್ತಿ ಮುಚ್ಚುವುದಿಲ್ಲ, ಸ್ವಲ್ಪ ಎಬ್ಬಿಸುತ್ತದೆ ಕೂಡ. ಪ್ರೊಲ್ಯಾಕ್ಟಿನ್ ಏರುವುದಿಲ್ಲ. ಹಳೆಯ ಮಾತ್ರೆಯ ಜೊತೆಗೇ ಸೇರಿಸಿದರೂ ಎಷ್ಟೋ ಜನರಲ್ಲಿ ಇಳಿಯುತ್ತದೆ. ಕ್ವಿಟಿಯಾಪಿನ್, ಕ್ಲೋಜಪಿನ್ ಕೂಡ ಈ ವಿಷಯದಲ್ಲಿ ಸಾಧು. ಆದರೆ ಅವುಗಳಿಗೆ ತೂಕ, ಸಕ್ಕರೆಯ ಕಾಟ ಇದೆ, ಕ್ಲೋಜಪಿನ್‌ಗೆ ಬಿಳಿರಕ್ತಕಣ ನೋಡುತ್ತಲೇ ಇರಬೇಕು.

ಮಾತ್ರೆಡಬ್ಬಿ
ಅರಿಪಿಪ್ರಜೋಲ್ ಅಮೃತ ಅಂತ ಯಾರೂ ತಿಳಿಯಬೇಡಿ. ನನಗೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಹಾಲಿನಲ್ಲಿ ರಾತ್ರಿ ಎರಡು ಗಂಟೆಗೆ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಿದ್ದೆ.

ಮೂರನೇಬೆಂಚು
ಯಾವ ಹಾಲಿನಲ್ಲಿ?

ಮಾತ್ರೆಡಬ್ಬಿ
ಮನೆಯ ಹಾಲ್ ಮಾರಾಯ!!

ನಾನೇ_ಆ_ತಂಗಿ
ನಮಸ್ಕಾರ. ಅಕ್ಕ ಫೋನ್ ಮೇಜಿನ ಮೇಲೆ ಬಿಟ್ಟು ಹೋಗಿದ್ದಳು, ಓದಿದೆ. ಒಳಉಡುಪಿನ ವಿಷಯ ಬರೆಯಬಾರದಿತ್ತು ಅಕ್ಕ. ನಾಣ್ಯದ ಅಳತೆ ಸಮೇತ ಬರೆದಿದ್ದೀಯ.

ಇನ್ನು ಅವಳು ಬರೆದದ್ದರಲ್ಲಿ ತಪ್ಪುಗಳಿವೆ. ಹಾಲು ಶುರುವಾದದ್ದು ಹೋದ ತಿಂಗಳಲ್ಲ, ಒಂಬತ್ತು ತಿಂಗಳಾಯಿತು. ಹೋದ ತಿಂಗಳು ಅವಳಿಗೆ ಸಿಕ್ಕಿಬಿದ್ದೆ, ಅಷ್ಟೇ. ಮೊದಲು ಎರಡು ವರ್ಷ ನಾನು ತೆಗೆದುಕೊಳ್ಳುತ್ತಿದ್ದದ್ದು 2 ಮಿ.ಗ್ರಾಂ. ಆಗ ಮುಟ್ಟು ಸರಿಯಾಗಿಯೇ ಆಗುತ್ತಿತ್ತು, ಫೋನಿನಲ್ಲಿ ಗುರುತು ಹಾಕಿಟ್ಟಿದ್ದೇನೆ. 4ಕ್ಕೆ ಏರಿಸಿದ ಐದನೇ ವಾರ ಸ್ನಾನ ಮಾಡುವಾಗ ಹಾಲು ಕಂಡಿತು. ಅದರ ಮುಂದಿನ ಮುಟ್ಟು ಬರಲಿಲ್ಲ. ಇಬ್ಬರು ಡಾಕ್ಟರೂ ಅಕ್ಕನನ್ನೇ ಕೇಳಿದರು, ಅಕ್ಕ ತನಗೆ ಗೊತ್ತಿದ್ದದ್ದು ಹೇಳಿದಳು. ನಾನು ಪಕ್ಕದ ಕುರ್ಚಿಯಲ್ಲಿದ್ದೆ.

ಯಾಕೆ ಹೇಳಲಿಲ್ಲ ಅಂದರೆ, ಮೈಯಲ್ಲಿ ಇಲ್ಲದ್ದು ಇದೆ ಅಂತ ಹೇಳುವುದು ನನ್ನ ಕಾಯಿಲೆ. ಇದನ್ನೂ ಹಾಗೇ ಅಂದುಕೊಳ್ಳುತ್ತಾರೆ ಅನಿಸಿತು. ನನಗೂ ಒಮ್ಮೊಮ್ಮೆ ಹಾಗೇ ಅನಿಸಿತ್ತು.

ರಾತ್ರಿಪಾಳಿ
ತಂಗೀ, ನೀನು ಬರೆದ ನಾಲ್ಕು ಸಾಲು ಎಂಆರ್‌ಐಗಿಂತ ಜಾಸ್ತಿ ಹೇಳಿತು. ಡೋಸ್ ಏರಿದ್ದು, ಐದೇ ವಾರಕ್ಕೆ ಹಾಲು, ಆಮೇಲೆ ಮುಟ್ಟು ನಿಂತದ್ದು. ಗಡ್ಡೆ ಹೀಗೆ ಮಾತ್ರೆಯ ಕ್ಯಾಲೆಂಡರ್ ನೋಡಿಕೊಂಡು ಬೆಳೆಯುವುದಿಲ್ಲ. ಖಚಿತ ಅಂತ ನಾನು ಹೇಳಲಾರೆ, ಆದರೆ ಈ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರಿಗೂ ನೀನೇ ಕೊಡು. ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಲಿ ಅಂತ ಅಲ್ಲೇ ಕೂತು ಕೇಳು.

ದೊಡ್ಡಕ್ಕ
ನನಗೇ ಗೊತ್ತಿರಲಿಲ್ಲ. ಕ್ಷಮಿಸು ಕಣೇ. ಗ್ಯಾಸ್ ಮಾತ್ರೆ ನೋಡಿದೆ, ಡೊಂಪೆರಿಡೋನ್ ಇದೆ. ಯಾವಾಗಲೋ ಒಮ್ಮೆ ನುಂಗುವುದು, ಆದರೂ ಎತ್ತಿಟ್ಟಿದ್ದೇನೆ. ಗುರುವಾರ ಮನೋವೈದ್ಯರ ಹತ್ತಿರ ಹೋಗುತ್ತೇವೆ, ಅವರಿಗೂ ಹೇಳುತ್ತೇನೆ.

ಹಸಿರೆಲೆ
ನನ್ನ ಸಲಹೆ ಯಾರೂ ಓದುತ್ತಿಲ್ಲ.

ಗುಬ್ಬಚ್ಚಿ88
ಓದಿದ್ದೇವೆ.

ದೊಡ್ಡಕ್ಕ
(ಮೂರೂವರೆ ತಿಂಗಳ ನಂತರ)
ಇಷ್ಟು ಜನ ಬರೆದಿದ್ದಿರಿ, ಆಮೇಲೆ ಏನಾಯಿತು ಅಂತ ಹೇಳದೆ ಇದ್ದರೆ ತಪ್ಪು.

ಮನೋವೈದ್ಯರು ಹಾಳೆ ಓದಿ, ನಮ್ಮೆದುರೇ ಹಾರ್ಮೋನ್ ಡಾಕ್ಟರಿಗೆ ಫೋನ್ ಮಾಡಿದರು. ನಾಲ್ಕು ನಿಮಿಷವೂ ಆಗಲಿಲ್ಲ. ಅಷ್ಟು ದಿನ ನಾನು ಓಡಾಡಿದ್ದು ಆ ನಾಲ್ಕು ನಿಮಿಷಕ್ಕೆ. ಕ್ಯಾಬರ್ಗೋಲಿನ್ ಬೇಡ, ಅರಿಪಿಪ್ರಜೋಲ್ ಸೇರಿಸಿ ರಿಸ್ಪೆರಿಡೋನ್ ನಿಧಾನಕ್ಕೆ ಇಳಿಸೋಣ ಅಂತ ಆಯಿತು. ಎರಡನೇ ವಾರ ಮಾತ್ರೆಡಬ್ಬಿಯವರು ಹೇಳಿದ ಹಾಗೇ ಕಾಲು ನಿಲ್ಲದ ಕಾಟ ಬಂತು. ಡೋಸ್ ಕಡಿಮೆ ಮಾಡಿ, ಪ್ರೊಪ್ರನಲಾಲ್ ಕೊಟ್ಟರು. ತಡೆಯಿತು. ನಡುವೆ ಹತ್ತು ದಿನ ಅವಳ ನಿದ್ದೆ ಕೆಟ್ಟು ನಮ್ಮೆಲ್ಲರ ಜೀವ ಕೈಯಲ್ಲಿತ್ತು, ಅದನ್ನೂ ಹೇಳಿಬಿಡುತ್ತೇನೆ. ದನಿಗಳು ಬಂದಿಲ್ಲ.

ಪ್ರೊಲ್ಯಾಕ್ಟಿನ್ ಮೊದಲು 41ಕ್ಕೆ ಇಳಿಯಿತು, ಹೋದ ವಾರ 17. ಗಡ್ಡೆ ಅಲ್ಲೇ ಇದೆ. ಬಹುಶಃ ಮೊದಲಿನಿಂದ ಇದ್ದದ್ದು, ಏನೂ ಮಾಡದೆ ಕೂತಿದೆ ಅಂದರು. ವರ್ಷಕ್ಕೆ ಇನ್ನೊಂದು ಎಂಆರ್‌ಐ. ಮೂಳೆಯ ಸ್ಕ್ಯಾನ್ ಕೂಡ ಮಾಡಿಸಿದೆವು, ಚೆನ್ನಾಗಿದೆ.

ಕನ್ನಡಕ
ಸಂತೋಷ. ಆದರೂ ಜೋರು ತಲೆನೋವು, ಕಣ್ಣು ಮಂಜಾಗುವುದು ಏನಾದರೂ ಬಂದರೆ ವರ್ಷ ಕಾಯಬೇಡಿ.

ಔಷಧಿಚೀಟಿ
ಇನ್ನೊಂದು ಮಾತು, ಎಲ್ಲರೂ ಮರೆಯುವುದು. ಪ್ರೊಲ್ಯಾಕ್ಟಿನ್ ಇಳಿದರೆ ಅಂಡಾಶಯ ಮತ್ತೆ ಕೆಲಸ ಶುರು ಮಾಡುತ್ತದೆ, ಮೊದಲ ಮುಟ್ಟಿಗೂ ಮುಂಚೆಯೇ. "ಮುಟ್ಟೇ ಇಲ್ಲವಲ್ಲ" ಅಂತ ಧೈರ್ಯದಲ್ಲಿದ್ದು ಬಸುರಾದವರಿದ್ದಾರೆ. ಯಾರಿಗೆ ಅನ್ವಯಿಸುತ್ತದೋ ಅವರು ನೋಡಿಕೊಳ್ಳಿ.

ಮಾತ್ರೆಡಬ್ಬಿ
ನಾನೂ ಡಾಕ್ಟರಿಗೆ ನಾಲ್ಕನೇ ಪ್ರಶ್ನೆಯ ಉತ್ತರ ಹೇಳಿದೆ. ಅವರು ಕೇಳಿರಲಿಲ್ಲ, ನಾನೇ ಹೇಳಿದೆ. ಟೆಸ್ಟ್ ಬರೆದುಕೊಟ್ಟಿದ್ದಾರೆ.

ನಾನೇ_ಆ_ತಂಗಿ
ಅಕ್ಕ ಮುಖ್ಯವಾದದ್ದನ್ನೇ ಬಿಟ್ಟಿದ್ದಾಳೆ. ನಿನ್ನೆ ಬೆಳಗ್ಗೆ ಮುಟ್ಟಾಯಿತು. ಹೊಟ್ಟೆನೋವು ವಿಪರೀತ, ಬೈದುಕೊಂಡೇ ಕೆಲಸಕ್ಕೆ ಹೋದೆ. ಈ ಸಲ ಬರೆಯಬೇಡ ಅಂತ ಅವಳಿಗೆ ಹೇಳಿದ್ದೆ, ನಾನೇ ಬರೆಯುತ್ತೇನೆ ಅಂತ.

ಹಳೇಪುಸ್ತಕದವರೇ, ಆ ಪಾರಿವಾಳದ ಹಾಲು ಎಷ್ಟು ದಿನ ಬರುತ್ತದೆ?

ಹಳೇಪುಸ್ತಕ
ಮರಿ ಕಾಳು ತಿನ್ನಲು ಕಲಿಯುವವರೆಗೆ. ಮೊದಲ ಕೆಲವು ದಿನ ಬರೀ ಹಾಲು, ಆಮೇಲೆ ಸ್ವಲ್ಪ ಸ್ವಲ್ಪ ಕಾಳು ಸೇರಿಸುತ್ತಾ ಹೋಗುತ್ತವೆ.

ಮೂರನೇಬೆಂಚು
ನಾನು ಬೇರೆ ಚರ್ಚೆ ತೆರೆದಿದ್ದೇನೆ, ಎಲ್ಲರೂ ಅಲ್ಲಿಗೆ ಬನ್ನಿ.